ಮೊಟ್ಟೆ ಊದಿಸಿ, ಮೊಟ್ಟೆ ಸೊರಗಿಸಿ: ಜೀವಕೋಶದ ಪೊರೆಯ ಆಟ ಅಡುಗೆಮನೆಯಲ್ಲೇ

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಕ್ಕೆ ಇಳಿದವರಿಗೆ ಜಿಗಣೆ ಕಾಟ ಗೊತ್ತೇ ಇದೆ. ಬೂಟು ಹತ್ತುತ್ತಿರುವ ಜಿಗಣೆ ಮೇಲೆ ಚಿಟಿಕೆ ಉಪ್ಪು ಉದುರಿಸಿದರೆ ಸಾಕು, ಮುದುರಿಕೊಂಡು ಬಿದ್ದುಹೋಗುತ್ತದೆ. ಉಪ್ಪು ಅದನ್ನು ಸುಡುತ್ತದೆ ಅಂತಾರೆ. ಸುಡುವುದಿಲ್ಲ, ಮೈಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಅದೇ ಆಟವನ್ನು ಮಕ್ಕಳಿಗೆ ಒಂದು ಮೊಟ್ಟೆಯಲ್ಲಿ ತೋರಿಸಬಹುದು.

ಹಸಿ ಮೊಟ್ಟೆಯನ್ನು ಲೋಟದಲ್ಲಿಟ್ಟು, ಮುಳುಗುವಷ್ಟು ವಿನೆಗರ್ ಹಾಕಿ. ಕೊಡಗಿನ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿಯೂ ಹುಳಿಯೇ, ಆದರೆ ಪಂದಿಕರಿಗೆ (ಹಂದಿಮಾಂಸದ ಸಾರಿಗೆ) ಇಟ್ಟದ್ದನ್ನು ಇದಕ್ಕೆ ಸುರಿದರೆ ಬೈಗುಳ ಗ್ಯಾರಂಟಿ. ಅಂಗಡಿಯ ಬಿಳಿ ವಿನೆಗರ್ ಸಾಕು. ಚಿಪ್ಪಿನ ತುಂಬಾ ಗುಳ್ಳೆ ಏಳುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಕಾರ್ಬನ್ ಡೈಆಕ್ಸೈಡ್ ಹೊರಡುತ್ತಿದೆ ಅಂತ ಅರ್ಥ. ಮರುದಿನ ವಿನೆಗರ್ ಬದಲಿಸಿ, ಇನ್ನೊಂದು ದಿನ ಬಿಡಿ.

ಆಮೇಲೆ ನಲ್ಲಿಯ ಸಣ್ಣ ಧಾರೆಯಲ್ಲಿ ಬೆರಳ ತುದಿಯಿಂದ ಉಜ್ಜಿ. ಉಗುರು ತಾಗಬಾರದು, ನನ್ನ ಮೊದಲ ಮೊಟ್ಟೆ ಸಿಂಕ್ ಪಾಲಾಗಿದ್ದು ಹಾಗೇ. ಈಗ ಕೈಯಲ್ಲಿ ರಬ್ಬರ್ ಚೆಂಡಿನಂಥದ್ದು ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಹಳದಿ ತೂಗಾಡುವುದು ಕಾಣುತ್ತದೆ. ದಾರ ಸುತ್ತಿ ಸುತ್ತಳತೆ ಬರೆದುಕೊಳ್ಳಿ.

ಒಂದು ಲೋಟ ನೀರಿಗೆ ಎರಡು ಲೋಟ ಸಕ್ಕರೆ ಹಾಕಿ ಪಾಕ ಮಾಡಿ, ತಣ್ಣಗಾದ ಮೇಲೆ ಮೊಟ್ಟೆ ಬಿಡಿ. ತೇಲುತ್ತದೆ, ಮೇಲೊಂದು ಬಟ್ಟಲು ಇಟ್ಟು ಅದುಮಿ. ಮರುದಿನ ಗಾಳಿ ಹೋದ ಬಲೂನಿನ ಹಾಗೆ ಸುಕ್ಕಾಗಿರುತ್ತದೆ. ಅದನ್ನೇ ತೊಳೆದು ಬರೀ ನೀರಿಗೆ ಹಾಕಿ. ಒಂದು ದಿನದಲ್ಲಿ ಮತ್ತೆ ಬಿಗಿಯಾಗಿ ಊದಿಕೊಳ್ಳುತ್ತದೆ. ನೀರು ಪೊರೆ ದಾಟುತ್ತದೆ. ಒಳಗಿನ ಪ್ರೋಟೀನ್ ದಾಟಲಾರದು, ಸಕ್ಕರೆಯೂ ಅಷ್ಟು ಸಲೀಸಾಗಿ ದಾಟದು. ಹಾಗಾಗಿ ನೀರೇ ತಾನು ಕಡಿಮೆ ಇರುವ ಕಡೆಗೆ ಓಡುತ್ತದೆ. ಇದೇ ಆಸ್ಮೋಸಿಸ್.

ಒಂದು ಮಾತು. ಮೊಟ್ಟೆಯ ಈ ಪೊರೆ ಪ್ರೋಟೀನ್ ಎಳೆಗಳ ಹೆಣಿಗೆ, ಜೀವಕೋಶದ ಪೊರೆಯಲ್ಲ. ನಿಜವಾದ ಪೊರೆ ಸುಮಾರು 7-8 ನ್ಯಾನೊಮೀಟರ್ ದಪ್ಪ. ಹತ್ತು ಸಾವಿರಕ್ಕೂ ಜಾಸ್ತಿ ಪೊರೆ ಪೇರಿಸಿದರೆ ಒಂದು ಹಾಳೆಯ ದಪ್ಪ ಬಂದೀತು! ಅದು ಕೊಬ್ಬಿನ ಎರಡು ಪದರ. ನೀರು ಕಂಡರೆ ಆಗದ ಬಾಲಗಳು ಒಳಮುಖ, ನೀರು ಬೇಕೆನ್ನುವ ತಲೆಗಳು ಹೊರಮುಖ. ನಡುನಡುವೆ ಪ್ರೋಟೀನ್‌ಗಳು ತೇಲಾಡುತ್ತವೆ. ಸಿಂಗರ್ ಮತ್ತು ನಿಕಲ್ಸನ್ ಎಂಬ ವಿಜ್ಞಾನಿಗಳು 1972ರಲ್ಲಿ ಕೊಟ್ಟ ಚಿತ್ರ ಇದು.

ಆಮ್ಲಜನಕ ಕೊಬ್ಬಿನ ನಡುವೆ ಸುಮ್ನೆ ನುಸುಳುತ್ತದೆ. ನೀರಿಗೆ ಆಕ್ವಾಪೊರಿನ್ ಎಂಬ ಪ್ರೋಟೀನ್ ಕೊಳವೆಯೇ ಇದೆ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಗ್ಲೂಕೋಸ್‌ಗೆ ದಾಟಿಸುವ ಪ್ರೋಟೀನ್ ಬೇಕು. ಸೋಡಿಯಂ ಕತೆ ಬೇರೆ: 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಅಂತ ಒಂದು ಪಂಪ್ ಸದಾ ದುಡಿಯುತ್ತಿರುತ್ತದೆ. ಇಳಿಜಾರಿನ ತೋಟದಲ್ಲಿ ಕೆರೆ ನೀರನ್ನು ಮೇಲಕ್ಕೆ ಹತ್ತಿಸಿದ ಹಾಗೆ. ಅಲ್ಲಿ ಡೀಸೆಲ್ ಖರ್ಚು, ಇಲ್ಲಿ ಜೀವಕೋಶದ ಇಂಧನವಾದ ಎಟಿಪಿ.

ಊದಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು, ದೂರ ನಿಂತು ಸೂಜಿ ಚುಚ್ಚಿ. ಚಿಮ್ಮುತ್ತದೆ. ತಿನ್ನಬೇಡಿ, ಕೈ ಸೋಪು ಹಾಕಿ ತೊಳೆಯಿರಿ.