ಮೊಲೆತೊಟ್ಟು ತುರಿಸುತ್ತಿದೆಯೇ? ಟ್ಯೂಬ್ ಹಚ್ಚುವ ಮುಂಚೆ ಕನ್ನಡಿ ನೋಡಿ

ಕೈ ತುರಿಸಿದರೆ ನಾಲ್ಕು ಜನರ ಎದುರೇ ಕೆರೆದುಕೊಳ್ಳುತ್ತೇವೆ. ಮೊಲೆತೊಟ್ಟು ತುರಿಸಿದರೆ ಮಾತ್ರ ಅಮ್ಮನಿಗೂ ಹೇಳುವುದಿಲ್ಲ, ಗಂಡನಿಗೂ ಹೇಳುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎನ್ನುತ್ತೇವೆ. ಎಲ್ಲಿಗೆ ಅಂತ ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಎಡವಟ್ಟು ಶುರುವಾಗುವುದೇ ಅಲ್ಲಿ.

ಬಹಳ ಸಲ ಇದು ಸೋಪು, ಬೆವರು, ಬಟ್ಟೆಯ ಕಿತಾಪತಿ ಅಷ್ಟೇ. ಅಪರೂಪಕ್ಕೆ ಮಾತ್ರ ಒಳಗೆ ಬೇರೇನೋ ಇರುತ್ತದೆ. ಯಾವುದು ಯಾವುದೆಂದು ಪತ್ತೆ ಹಚ್ಚಲು ಹೀಗೆ ಮಾಡಿ.

ಮೊದಲು ನೋಡಿ

ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಲ್ಲಿ. ತುರಿಕೆ ಒಂದೇ ಕಡೆಯೋ, ಎರಡೂ ಕಡೆಯೋ? ತೊಟ್ಟಿನ ಮೇಲೆಯೋ, ಅದರ ಸುತ್ತಲಿನ ಕಪ್ಪು ವೃತ್ತದಲ್ಲೋ? ಶುರುವಾಗಿ ಎಷ್ಟು ದಿನವಾಯಿತು? ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಬಿಡಿ. ‘ಮೊನ್ನೆ ಮೊನ್ನೆ ಶುರುವಾಯ್ತು’ ಅಂದುಕೊಂಡದ್ದು ಲೆಕ್ಕ ಹಾಕಿದರೆ ಮೂರು ತಿಂಗಳಾಗಿರುತ್ತದೆ.

ಏನು ಬದಲಾಯಿತು, ನೆನಪಿಸಿಕೊಳ್ಳಿ

ಹೊಸ ಬ್ರಾ, ಹೊಸ ಸೋಪು, ಬೇರೆ ಬಟ್ಟೆಪುಡಿ, ಸೆಂಟು? ತೊಟ್ಟಿನ ಚರ್ಮ ತುಂಬಾ ಸೂಕ್ಷ್ಮ. ಬೆನ್ನಿಗೆ ಏನೂ ಮಾಡದ ಸೋಪು ಇಲ್ಲಿ ಉರಿಸಬಹುದು. ಬೋರ್‌ವೆಲ್ಲಿನ ಗಡುಸು ನೀರಲ್ಲಿ ಒಗೆದ ಬಟ್ಟೆಯಲ್ಲಿ ಸೋಪಿನ ಅಂಶ ಪೂರ್ತಿ ಹೋಗುವುದಿಲ್ಲ, ಇನ್ನೊಂದು ಸಲ ಜಾಲಿಸಿ. ಹೊಸ ಬ್ರಾ ಒಗೆಯದೆ ಹಾಕಬೇಡಿ. ಬೆಳಗ್ಗೆ ಓಡಲು ಹೋಗುವ ಗಂಡಸರಿಗೂ ಈ ತೊಂದರೆ ಉಂಟು. ಬೆವರಿಗೆ ಒದ್ದೆಯಾದ ಟೀ ಶರ್ಟ್ ಉಜ್ಜಿ ಉಜ್ಜಿ ರಕ್ತ ಬರುವುದೂ ಇದೆ. ಓಟಕ್ಕೆ ಮುಂಚೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಸಾಕು.

ಚಿಕ್ಕಂದಿನಿಂದ ಇಸುಬು, ಅಲರ್ಜಿ, ಉಬ್ಬಸ ಇದ್ದವರಿಗೆ ಇಲ್ಲೂ ಇಸುಬು ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ರಾತ್ರಿ ಹೊತ್ತು ತುರಿಕೆ ಜಾಸ್ತಿಯೇ? ಬೆರಳ ಸಂದಿ, ಮಣಿಕಟ್ಟಲ್ಲೂ ಇದೆಯೇ? ಮನೆಯಲ್ಲಿ ಬೇರೆಯವರೂ ಕೆರೆದುಕೊಳ್ಳುತ್ತಿದ್ದಾರೆಯೇ? ಹಾಗಿದ್ದರೆ ಅದು ಕಜ್ಜಿ ಇರಬಹುದು. ಆಗ ಮನೆಮಂದಿಗೆಲ್ಲ ಒಟ್ಟಿಗೇ ಔಷಧಿ ಆಗಬೇಕು. ಒಬ್ಬರು ಬಿಟ್ಟುಹೋದರೂ ಮತ್ತೆ ಬರುತ್ತದೆ.

ಎರಡು ವಾರ ಹೀಗೆ ಮಾಡಿ

ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ. ಆ ಜಾಗಕ್ಕೆ ಸೋಪು ಬೇಡ. ಉಜ್ಜದೆ, ಮೆತ್ತಗೆ ಒತ್ತಿ ಒರೆಸಿ. ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ಹತ್ತಿಯ, ಬಿಗಿಯಿಲ್ಲದ ಬ್ರಾ ಹಾಕಿ, ಬೆವರಿದರೆ ಬದಲಾಯಿಸಿ. ಅರಿಶಿನ, ನಿಂಬೆರಸ, ಸ್ನಾನದ ನೀರಿಗೆ ಸುರಿಯುವ ಆಂಟಿಸೆಪ್ಟಿಕ್ ಯಾವುದೂ ಬೇಡ. ಮೊದಲೇ ಕೆರಳಿದ ಚರ್ಮ ಅದು.

ಆ ಟ್ಯೂಬಿನ ವಿಷಯ. ತುರಿಕೆಗೆಂದು ಚೀಟಿಯಿಲ್ಲದೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಜೋರಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡೇ ದಿನಕ್ಕೆ ಹಾಯೆನಿಸುತ್ತದೆ. ಜೊತೆಗೆ ರೋಗದ ಗುರುತೂ ಮಸುಕಾಗುತ್ತದೆ. ಬಿಟ್ಟರೆ ಮತ್ತೆ ಶುರು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ.

ಬಸುರಿ, ಬಾಣಂತಿ ಆಗಿದ್ದರೆ

ಬಸುರಿನಲ್ಲಿ ಎದೆ ದೊಡ್ಡದಾಗುತ್ತದೆ, ಚರ್ಮ ಹಿಗ್ಗುತ್ತದೆ. ತುರಿಕೆ ಸಹಜ. ಹಾಲೂಡಿಸುವಾಗ ಮಾತ್ರ ಸ್ವಲ್ಪ ಗಮನ ಬೇಕು. ತೊಟ್ಟು ಹೊಳೆಯುವಂತೆ ಕೆಂಪಗಾಗಿ, ತುರಿಕೆಯ ಜೊತೆ ಉರಿ ಇದ್ದು, ಹಾಲು ಕುಡಿಸಿದ ಮೇಲೂ ಚುಚ್ಚಿದಂತಾಗುತ್ತಿದ್ದರೆ ಮಗುವಿನ ಬಾಯಿ ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆಗಳಿದ್ದರೆ ಅದು ಫಂಗಸ್ ಇರಬಹುದು. ತಾಯಿ ಮಗು ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಬೇಕು. ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ, ಅಜ್ಜಿ ಏನೇ ಹೇಳಲಿ. ಎದೆ ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಯಾವಾಗ ಕಾಯಬಾರದು?

ಒಂದೇ ಕಡೆ, ಅದೂ ತೊಟ್ಟಿನಿಂದಲೇ ಶುರುವಾಗಿ ಸುತ್ತ ಹರಡುತ್ತಿದ್ದರೆ ತಡ ಮಾಡಬೇಡಿ. ಹೊಟ್ಟು ಏಳುವುದು, ಹಕ್ಕಳೆ ಕಟ್ಟುವುದು, ಮಾಯದ ಹುಣ್ಣು, ರಕ್ತ ಅಥವಾ ಹಳದಿ ನೀರು, ಇದ್ದಕ್ಕಿದ್ದಂತೆ ಒಳಗೆ ಸೇರಿಕೊಂಡ ತೊಟ್ಟು, ಗಂಟು, ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದ ಚರ್ಮ ಇವೂ ಹಾಗೆಯೇ. 1874ರಲ್ಲಿ ಇಂಗ್ಲೆಂಡಿನ ಸರ್ಜನ್ ಜೇಮ್ಸ್ ಪ್ಯಾಜೆಟ್ ಒಂದು ವಿಷಯ ಗಮನಿಸಿದರು. ತೊಟ್ಟಿನ ಮೇಲೆ ಇಸುಬಿನಂಥ ಗಾಯವಿದ್ದ ಹೆಂಗಸರಿಗೆ ಆಮೇಲೆ ಅದೇ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿತ್ತು. ಈಗ ಇದಕ್ಕೆ ಅವರದೇ ಹೆಸರು, ಪ್ಯಾಜೆಟ್ ಕಾಯಿಲೆ. ಅಪರೂಪದ್ದು, ನೂರು ಸ್ತನ ಕ್ಯಾನ್ಸರ್‌ಗಳಲ್ಲಿ 1ರಿಂದ 4 ಅಷ್ಟೇ. ಆದರೆ ನೋಡಲು ಇಸುಬಿನ ಹಾಗೇ ಇರುತ್ತದೆ. ಸ್ಟೀರಾಯ್ಡ್ ಹಚ್ಚಿದರೆ ಸ್ವಲ್ಪ ದಿನ ಕಡಿಮೆಯಾದಂತೆಯೂ ಕಾಣಬಹುದು. ಗಂಡಸರಿಗೂ ಬರುತ್ತದೆ, ತೀರಾ ಕಡಿಮೆ.

ಈ ಗುರುತು ಯಾವುದೂ ಇಲ್ಲದಿದ್ದರೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ತೋರಿಸಿ. ಚರ್ಮದ ಡಾಕ್ಟರ್, ಸ್ತ್ರೀರೋಗ ತಜ್ಞರು, ಸರ್ಜನ್ ಯಾರಾದರೂ ಸರಿ. ಲೇಡಿ ಡಾಕ್ಟರೇ ಬೇಕೆಂದು ಕೇಳಬಹುದು. ಅನುಮಾನವಿದ್ದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಲು ಹೇಳುತ್ತಾರೆ. ಹೋಗುವ ದಿನ ಬೆಳಗ್ಗೆ ಏನೂ ಹಚ್ಚಬೇಡಿ, ಚರ್ಮ ಇದ್ದ ಹಾಗೇ ಅವರಿಗೆ ಕಾಣಲಿ. ಇಷ್ಟು ದಿನ ಹಚ್ಚಿದ ಟ್ಯೂಬ್ ಅರ್ಧ ಖಾಲಿಯಾಗಿದ್ದರೂ ಬ್ಯಾಗಿಗೆ ಹಾಕಿಕೊಳ್ಳಿ, ನಾಚಿಕೊಂಡು ಮನೆಯಲ್ಲೇ ಬಿಟ್ಟುಹೋಗಬೇಡಿ.