ಸೀಸದ ಲೆಕ್ಕ ಹುಬ್ಬಳ್ಳಿಯಲ್ಲೇ ಮುಗಿಯಲಿ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೊರಡುವ ಮುನ್ನ ಮೈ ತೇಲದೆ ಮುಳುಗಲು ಸೊಂಟಕ್ಕೆ ಎಷ್ಟು ಸೀಸ ಬೇಕು ಅನ್ನುವುದನ್ನು ಹುಬ್ಬಳ್ಳಿಯ ಈಜುಕೊಳದಲ್ಲೇ ನೋಡಿಕೊಳ್ಳುತ್ತೇನೆ. ಮುರ್ಡೇಶ್ವರದ ದೋಣಿಯಲ್ಲಿ ಅಂದಾಜಿಗೆ ಬೆಲ್ಟ್ ಕಟ್ಟುವವರು ಸಾಮಾನ್ಯವಾಗಿ ಒಂದೆರಡು ಕಿಲೋ ಹೆಚ್ಚೇ ಕಟ್ಟುತ್ತಾರೆ.

ಮೊದಲು ಸೀಸವನ್ನೇ ತೂಗಬೇಕು. ಸವೆದ ತುಂಡು ಅಚ್ಚೊತ್ತಿದಷ್ಟು ತೂಗುವುದಿಲ್ಲ. ದುರ್ಗದ ಬೈಲಿನ ಕಿರಾಣಿ ಅಂಗಡಿಯ ತಕ್ಕಡಿ ಸಾಕು.

ಸಮುದ್ರದಲ್ಲಿ ತೊಡುವ ಅದೇ 3 ಮಿ.ಮೀ. ದಪ್ಪದ ರಬ್ಬರ್ ಉಡುಪು, ಅಂದರೆ ವೆಟ್‌ಸೂಟ್ ತೊಟ್ಟು ಐದು ನಿಮಿಷ ನೆನೆದು, ಒಳಗೆ ಸಿಕ್ಕ ಗಾಳಿಯನ್ನು ಒತ್ತಿ ತೆಗೆಯುತ್ತೇನೆ. ಸಿಲಿಂಡರಿನಲ್ಲಿ ಗಾಳಿಯ ಒತ್ತಡ 50 ಬಾರ್ ಮಾತ್ರ, ಅಂದರೆ ಡೈವಿನ ಕೊನೆಯಲ್ಲಿ ಉಳಿಯುವಷ್ಟು, ಇರಬೇಕು. ಇದನ್ನೇ ಬಹಳ ಜನ ತಪ್ಪುತ್ತಾರೆ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರು 200ರಿಂದ 50 ಬಾರ್‌ಗೆ ಇಳಿಯುವಾಗ ಸುಮಾರು 2 ಕಿಲೋ ಗಾಳಿ ಖರ್ಚಾಗಿರುತ್ತದೆ. ತುಂಬಿದ ಸಿಲಿಂಡರಿಗೆ ಸೀಸ ಹೊಂದಿಸಿದವರು ಕೊನೆಗೆ ಮೇಲೆ ಬರುವ ಮುನ್ನ ಕೆಲ ನಿಮಿಷ ತಡೆದು ನಿಲ್ಲುವ 5 ಮೀಟರಿನ ಸೇಫ್ಟಿ ಸ್ಟಾಪ್‌ನಲ್ಲಿ ನಿಲ್ಲಲಾಗದೆ ಮೇಲೆ ತೇಲುತ್ತಾರೆ.

ಬಿಸಿಡಿ, ಅಂದರೆ ಗಾಳಿ ತುಂಬಿ ತೇಲಿಸುವ ಜಾಕೆಟ್ಟು, ಪೂರ್ತಿ ಖಾಲಿ ಮಾಡಿ, ನೆಟ್ಟಗೆ ನಿಂತು, ಪಾದಗಳನ್ನು ಕತ್ತರಿ ಹಾಕಿಕೊಳ್ಳಬೇಕು. ಇಲ್ಲವಾದರೆ ಕಾಲಿಗೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್, ಗೊತ್ತಾಗದಂತೆ ಆಡುತ್ತ ಮೈಯನ್ನು ಎತ್ತಿ ಹಿಡಿಯುತ್ತದೆ, ಇನ್ನಷ್ಟು ಸೀಸ ಬೇಕೆನಿಸುತ್ತದೆ. ಅರ್ಧ ಉಸಿರಿನಲ್ಲಿ ನೀರು ಕಣ್ಣಿನ ಮಟ್ಟಕ್ಕಿದ್ದು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಿದರೆ ತೂಕ ಸರಿ.

ಇದು ಸಿಹಿನೀರಿನ ಲೆಕ್ಕ. ಸಮುದ್ರದ ನೀರು ಶೇ. 2.5ರಷ್ಟು ಹೆಚ್ಚು ಭಾರ. ಮೈ, ಸಿಲಿಂಡರು, ಸಲಕರಣೆ ಎಲ್ಲ ಸೇರಿ 95 ಕಿಲೋ ಇದ್ದರೆ ಎರಡೂವರೆ ಕಿಲೋ ಸೀಸ ಸೇರಿಸಿ. ಡೈವ್ ಮುಗಿದ ಮೇಲೆ ಸಮುದ್ರದಲ್ಲೇ ಮತ್ತೊಮ್ಮೆ ಪರೀಕ್ಷಿಸಿ, ಸೂಟು ಮತ್ತು ಸೀಸ ಎರಡನ್ನೂ ಬರೆದಿಡಿ.

ಹೆಚ್ಚಿದ್ದರೇನಂತೆ ಅನ್ನಬೇಡಿ. 4 ಕಿಲೋ ಹೆಚ್ಚಿದ್ದರೆ ಅದನ್ನು ತೂಗಿಸಲು ಬಿಸಿಡಿಯಲ್ಲಿ 4 ಲೀಟರ್ ಗಾಳಿ ಬೇಕು. 10 ಮೀಟರಿನಿಂದ 5 ಮೀಟರಿಗೆ ಏರುವಾಗ ಆ ಗಾಳಿ ಐದೂಕಾಲು ಲೀಟರ್ ದಾಟಿ ಹಿಗ್ಗುತ್ತದೆ. ಬಿಡದಿದ್ದರೆ ಒಂದು ಕಿಲೋಗೂ ಮೀರಿದ ಎಳೆತ ಮೇಲಕ್ಕೆ. 1 ಲೀಟರ್ ಮಾತ್ರ ಇದ್ದಿದ್ದರೆ ಉಸಿರಾಟದಲ್ಲೇ ಹಿಡಿತಕ್ಕೆ ಬರುತ್ತಿತ್ತು.

ಬೆಲ್ಟಿನ ಬಕಲ್ ಬಲಗೈಯ ಒಂದೇ ಎಳೆತಕ್ಕೆ ಬಿಚ್ಚಬೇಕು, ಬಿಸಿಡಿಯ ಪಟ್ಟಿಯಡಿ ಸಿಕ್ಕಿರಬಾರದು. ಕಣ್ಣು ಮುಚ್ಚಿ ಹುಡುಕಿ ನೋಡಿ. ನೀರಿನ ಮೇಲೆ ತೊಂದರೆಯಾದರೆ ಬಿಚ್ಚಿ, ತೋಳುದ್ದ ದೂರ ಹಿಡಿದು ಬಿಡಬೇಕು. ಮೈಗೆ ಹತ್ತಿರ ಬಿಟ್ಟರೆ ಫಿನ್‌ಗೆ ತೊಡರುತ್ತದೆ. ಆದರೆ ಆಳದಲ್ಲಿ ಬೆಲ್ಟ್ ಜಾರಿದರೆ ಬೆಂಡಿನಂತೆ ಚಿಮ್ಮಿಬಿಡುತ್ತೇವೆ. ಅದಕ್ಕೇ ಎಲ್ಲ ಸೀಸವನ್ನೂ ಬೆಲ್ಟಿಗೇ ಕಟ್ಟದೆ 1 ಕಿಲೋ ತುಂಡನ್ನು ಸಿಲಿಂಡರಿನ ಮೇಲ್ಪಟ್ಟಿಗೆ ಹಾಕುತ್ತೇನೆ. ಕಾಲು ಜೋತುಬೀಳುವುದೂ ಅದರಿಂದ ತಪ್ಪುತ್ತದೆ.