ಅಪ್ಪ ಕೇಳಲ್ಲ, ನಾವು ಕೊಡೋದು ಹೇಗೆ?

"ದುಡ್ಡೇನಾದ್ರೂ ಬೇಕಾ?" ಅಂದರೆ ಅಪ್ಪನದು ಒಂದೇ ಉತ್ತರ: "ನಮ್ದೇನದ, ನಡೀತದ ಬಿಡು." ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಅಪ್ಪ, ಅವ್ವ ಇಬ್ಬರೇ ಇದ್ದಾರೆ. ನಾನು ಕಲಬುರಗಿಯಲ್ಲಿ, ತಮ್ಮ ಪುಣೆಯಲ್ಲಿ. ಹೀಗಾಗಿ ಕೇಳೋದು ಬಿಟ್ಟು, ಮನೆ ಹೇಗೆ ನಡೀತಿದೆ ಅಂತ ನಾನೇ ನೋಡಿದೆ.

ತೊಗರಿ ಬೆಳೆಯುವವರ ಲೆಕ್ಕ ಸಂಬಳದವರ ಲೆಕ್ಕದಂತಲ್ಲ. ಜೂನ್, ಜುಲೈನಲ್ಲಿ ಬಿತ್ತಿದರೆ ದುಡ್ಡಿನ ಮುಖ ನೋಡೋದು ಡಿಸೆಂಬರ್, ಜನವರಿಗೆ. ಅಲ್ಲಿಯವರೆಗೆ ಬೀಜ, ಗೊಬ್ಬರ, ಹುಳಕ್ಕೆ ಹೊಡೆಯೋ ಎಣ್ಣೆ ಎಲ್ಲಾ ಉದ್ರಿ. ನೆಟೆ ರೋಗ ಬಂದರಂತೂ ಗಿಡ ನಿಂತಲ್ಲೇ ಒಣಗುತ್ತದೆ. ಪಿಎಂ ಕಿಸಾನ್ ದುಡ್ಡು ವರ್ಷಕ್ಕೆ 6,000, ಅದೂ ಮೂರು ಕಂತಿನಲ್ಲಿ. ಅವ್ವನಿಗೆ ಗೃಹಲಕ್ಷ್ಮಿಯ 2,000 ಇದೆ. ಕಿರಾಣಿಗೆ ಹೇಗೋ ಸಾಲುತ್ತದೆ.

ಸಾಲದಿದ್ದದ್ದು ಔಷಧಿಗೆ. ಹದಿನೈದು ದಿನಕ್ಕೆ ಮುಗಿಯಬೇಕಿದ್ದ ಬಿಪಿ ಗುಳಿಗೆ ಪಟ್ಟಿ ಅಷ್ಟು ದಿನ ಕಳೆದರೂ ಅರ್ಧ ಹಾಗೇ ಇತ್ತು. ಕೇಳಿದರೆ ಅವ್ವ, "ದಿನಾ ಬಿಟ್ಟು ದಿನಾ ತಗೋತೀನಿ, ಏನಾಗಲ್ಲ" ಅಂದಳು. ಕೊಡಬೇಕೋ ಬೇಡವೋ ಅನ್ನೋ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಮೊದಲು ಹೆಂಡತಿ ಜೊತೆ ಕೂತು ಮಾತಾಡಿದೆ. ಅವಳ ಅಪ್ಪ ಅಮ್ಮನಿಗೂ ವಯಸ್ಸಾಗಿದೆ ಅಲ್ವಾ? ಎರಡೂ ಕಡೆಗೆ ಒಂದೇ ನಿಯಮ ಅಂತ ಆಯಿತು. ಆಮೇಲೆ ತಮ್ಮನ ಜೊತೆ. ಅರ್ಧ ಅರ್ಧ ಅಂತ ಹಟ ಹಿಡಿಯಲಿಲ್ಲ, ಅವನದು ಗುತ್ತಿಗೆ ಕೆಲಸ. ಗ್ಯಾಸ್, ಫೋನ್ ರೀಚಾರ್ಜ್ ಅವನದು. ಡಾಕ್ಟರು, ಔಷಧಿ ನನ್ನದು.

ಅಪ್ಪನ ಕೈಗೆ ನಗದು ಕೊಡುವುದಿಲ್ಲ. ಕೊಟ್ಟರೆ ಅದು ಔಷಧಿ ಅಂಗಡಿಗೆ ಹೋಗಲ್ಲ, ಗೊಬ್ಬರದ ಅಂಗಡಿಗೆ ಹೋಗುತ್ತದೆ. ಔಷಧಿ ಅಂಗಡಿಗೆ ನಾನೇ ಫೋನ್‌ಪೇ ಮಾಡುತ್ತೇನೆ, ಬಿಲ್ ವಾಟ್ಸಾಪ್‌ಗೆ ಬರುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಆರೋಗ್ಯ ವಿಮೆ ಇಲ್ಲದ, 60 ದಾಟಿದ ತಂದೆ ತಾಯಿಯ ಚಿಕಿತ್ಸೆ ಖರ್ಚಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000ದವರೆಗೆ ವಿನಾಯಿತಿ ಸಿಗುತ್ತದೆ. ನಗದು ಕೊಟ್ಟಿದ್ದು ಲೆಕ್ಕಕ್ಕೆ ಬರಲ್ಲ.

ಜಗಳ ಆಗಿದ್ದು ಬೋರ್‌ವೆಲ್ ವಿಷಯಕ್ಕೆ. ಸೈಕಡಾ ಮೂರರಂತೆ ಸಾಲ ತಂದು ಬೋರ್ ಹಾಕಿಸೋದು ಅಪ್ಪನ ಆಸೆ. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000 ಬರೀ ಬಡ್ಡಿ. ನೀರು ಬೀಳದಿದ್ದರೆ? ಮನೆ ಖರ್ಚಿಗೆ ಎಷ್ಟಾದರೂ ಕೊಡ್ತೀನಿ, ಆ ಸಾಲಕ್ಕೆ ಒಂದು ರೂಪಾಯಿನೂ ಇಲ್ಲ ಅಂದೆ. ಅಪ್ಪ ಕೆಲವು ದಿನ ಫೋನ್ ಎತ್ತಲಿಲ್ಲ. ಅದರ ಬದಲು ಸಹಕಾರ ಸಂಘದ ಬೆಳೆಸಾಲಕ್ಕೆ ಕಾಗದಪತ್ರ ಮಾಡಿಸಿಕೊಟ್ಟೆ. 5 ಲಕ್ಷದವರೆಗೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಬೇಕು. ಆ ತಾರೀಖಿಗೆ ನನ್ನ ಮೊಬೈಲಿನಲ್ಲಿ ಅಲಾರಂ ಇದೆ. ಗೊಬ್ಬರದ ಉದ್ರಿ ನಿಂತಿದ್ದು ಇದರಿಂದಲೇ.

ತೊಗರಿ ದುಡ್ಡಿಗೆ ಮಾತ್ರ ನಾವು ಕೈ ಹಾಕುವುದಿಲ್ಲ. ಗಂಜ್‌ನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಮಾಲು ಮಾರಿ ಬಂದದ್ದು ಅಪ್ಪನ ಖಾತೆಗೇ. ಶರಣಬಸವೇಶ್ವರ ಜಾತ್ರೆಯಲ್ಲಿ ಮೊಮ್ಮಕ್ಕಳಿಗೆ ಏನು ಕೊಡಿಸಿದರೂ ನಾವು ಸುಮ್ನೆ ಇರ್ತೀವಿ.

ಬೋರ್ ಮಾತು ಈಗಲೂ ಬರುತ್ತಿರುತ್ತದೆ. ನನ್ನ ಉತ್ತರ ಬದಲಾಗಿಲ್ಲ, ಅಪ್ಪ ಕೇಳೋದೂ ಬಿಟ್ಟಿಲ್ಲ.